ಮಂಡಿಗೆ ಕೆಲಸವೂ ಬೇಕು, ಬಿಡುವೂ ಬೇಕು

ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಾಗಲಿ, ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲಾಗಲಿ, ನಾಲ್ಕು ಜನ ಹಿರಿಯರು ಕಲೆತರೆ ಮಂಡಿನೋವಿನ ಮಾತು ಬಾರದೆ ಇರದು. ‘ಮಂಡಿ ಸವೆದಿದೆಯಂತೆ, ಇನ್ನು ಓಡಾಡಬಾರದು’ ಎಂದು ನಿಟ್ಟುಸಿರು ಬಿಡುತ್ತಾರೆ. ಭಾಷೆಯನ್ನು ಕಲಿಸುವವರಾದ ನಮಗೆ ಈ ‘ಸವೆತ’ ಎಂಬ ಪದದ ಮೇಲೆಯೇ ಆಕ್ಷೇಪಣೆಯುಂಟು. ಸವೆಯುವುದು ಚಪ್ಪಲಿಯ ಅಟ್ಟೆ, ಎತ್ತಿನ ಲಾಳ. ಬಳಸಿದಷ್ಟೂ ಅವು ತೆಳ್ಳಗಾಗುತ್ತವೆ. ಬಳಸದೆ ಎತ್ತಿಟ್ಟರೆ ಉಳಿಯುತ್ತವೆ. ನಮ್ಮ ಕೀಲುಗಳು ಹಾಗಲ್ಲ. ಅವು ಜೀವವುಳ್ಳವು. ಈ ವ್ಯತ್ಯಾಸವನ್ನು ತಿಳಿಯದೆ ಮಕ್ಕಳನ್ನೂ ಹಿರಿಯರನ್ನೂ ಕೂಡಿಸಿಬಿಡುತ್ತಿದ್ದೇವೆ ಎಂಬುದೇ ನಮ್ಮ ಚಿಂತೆ.

ಮೂಳೆಗೆ ಮೂಳೆ ಕೂಡುವ ಕಡೆ, ಎರಡರ ತುದಿಗೂ ನುಣುಪಾದ ಒಂದು ಹೊದಿಕೆಯಿದೆ. ವಿಜ್ಞಾನದ ಪುಸ್ತಕದಲ್ಲಿ ಅದನ್ನು ಮೃದ್ವಸ್ಥಿ ಎನ್ನುತ್ತಾರೆ. ಮಂಡಿಯಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರು. ಅದರ ತೂಕದಲ್ಲಿ ಮುಕ್ಕಾಲು ಭಾಗದಷ್ಟು ನೀರು. ವಿಚಿತ್ರವೆಂದರೆ, ಈ ಹೊದಿಕೆಯಲ್ಲಿ ರಕ್ತನಾಳಗಳೇ ಇಲ್ಲ, ನರಗಳೂ ಇಲ್ಲ. ಹಾಗಾದರೆ ಅದಕ್ಕೆ ಆಹಾರ ಎಲ್ಲಿಂದ? ಕೀಲಿನೊಳಗಿರುವ ದ್ರವದಿಂದ. ನಾವು ಹೆಜ್ಜೆಯೂರಿದಾಗ ಹೊದಿಕೆ ಅದುಮಿಕೊಂಡು ಸ್ವಲ್ಪ ದ್ರವ ಹೊರಬರುತ್ತದೆ. ಕಾಲೆತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ. ಒದ್ದೆ ಸ್ಪಂಜನ್ನು ಹಿಂಡಿ ಬಿಟ್ಟಂತೆ. ಅಷ್ಟೇ ಅಲ್ಲ, ಅದರೊಳಗಿನ ಜೀವಕೋಶಗಳು ಈ ಒತ್ತಡವನ್ನು ಗ್ರಹಿಸಿ ಹೊದಿಕೆಯನ್ನು ಕಾಪಾಡುವ ಪದಾರ್ಥಗಳನ್ನು ತಯಾರಿಸುತ್ತವೆ. ಹೊರೆಯೇ ಇಲ್ಲದಿದ್ದರೆ ಆ ಕೆಲಸವೂ ಕುಗ್ಗುತ್ತದೆ.

ಇದು ಬರಿಯ ಊಹೆಯಲ್ಲ. ಬೆನ್ನುಹುರಿಗೆ ಪೆಟ್ಟುಬಿದ್ದು ಕಾಲುಗಳ ಚಲನೆ ನಿಂತವರಲ್ಲಿ ಮಂಡಿಯ ಮೃದ್ವಸ್ಥಿ ತೆಳುವಾಗುವುದನ್ನು ವೈದ್ಯರು ಅಳೆದು ನೋಡಿದ್ದಾರೆ. 2017ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿಯೊಂದರಲ್ಲಿ, ಹವ್ಯಾಸಕ್ಕಾಗಿ ಓಡುವವರಲ್ಲಿ ಸೊಂಟ ಮತ್ತು ಮಂಡಿಯ ಸಂಧಿವಾತ ನೂರಕ್ಕೆ 3.5 ಮಂದಿಯಲ್ಲಿ ಕಂಡುಬಂದರೆ, ಓಡದೆ ಕುಳಿತಿರುವವರಲ್ಲಿ ನೂರಕ್ಕೆ 10.2 ಮಂದಿಯಲ್ಲಿ ಕಂಡಿತ್ತು. ಆದರೆ ಪಂದ್ಯಗಳಿಗಾಗಿ ವಿಪರೀತ ಓಡುವವರಲ್ಲಿ ಅದು 13.3. ಕುಳಿತರೂ ಕೇಡು, ಮಿತಿಮೀರಿದರೂ ಕೇಡು! ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಗಾದೆ ಮಂಡಿಗೂ ಸಲ್ಲುತ್ತದೆ.

ಈ ಮಿತಿಯ ಮಾತು ಬಂದಾಗ ನಮ್ಮ ಕಣ್ಣಮುಂದೆ ನಿಲ್ಲುವವರು ನಮ್ಮ ತಾಯಂದಿರು. ಕಡಲೆಕಾಯಿ ಸುಗ್ಗಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಕ್ಕರಗಾಲಿನಲ್ಲಿ ಕೂತು ಕಾಯಿ ಬಿಡಿಸುತ್ತಾರೆ. ಹಾಗೆ ಕೂತಾಗ ಅದುಮಿದ ಭಾಗ ಅದುಮಿಯೇ ಇರುತ್ತದೆ. ಮತ್ತೆ ಹೀರಿಕೊಳ್ಳಲು ಅದಕ್ಕೆ ಸಮಯವಿಲ್ಲ. ಚೀನಾದ ಬೀಜಿಂಗಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯೌವನದಲ್ಲಿ ದಿನಕ್ಕೆ ಮೂರು ಗಂಟೆಗೂ ಹೆಚ್ಚು ಕುಕ್ಕರಗಾಲಿನಲ್ಲಿ ಕೂರುತ್ತಿದ್ದವರಿಗೆ ಮುಪ್ಪಿನಲ್ಲಿ ಮಂಡಿಯ ಸಂಧಿವಾತ ಹೆಚ್ಚೆಂದು ತೋರಿಸಿತು. ಒಮ್ಮೆ ಹಾಳಾದ ಮೃದ್ವಸ್ಥಿ ಮೊದಲಿನಂತೆ ಆಗದೆಂದು ವಿಲಿಯಂ ಹಂಟರ್ ಎಂಬ ವೈದ್ಯರು 1743ರಷ್ಟು ಹಿಂದೆಯೇ ಬರೆದಿದ್ದರು. ಇಂದಿಗೂ ಅದನ್ನು ಪೂರ್ತಿಯಾಗಿ ಮರಳಿಸುವ ಔಷಧವಿಲ್ಲ. ಕಾಪಾಡಿಕೊಳ್ಳುವುದೊಂದೇ ದಾರಿ.

ಬಿಡಿಸಿದಷ್ಟಕ್ಕೇ ಕೂಲಿ ಎಂದಾಗ ಬಿಡುವಿನ ಮಾತು ಯಾರಿಗೆ ರುಚಿಸೀತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಕುಕ್ಕರಗಾಲಿನ ಬದಲು ತುಸು ಎತ್ತರದ ಮಣೆಯ ಮೇಲೆ ಕೂರುವುದಕ್ಕೆ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದಕ್ಕೆ ಕೂಲಿ ಹೆಚ್ಚು ಕಡಿತವಾಗದು. ಹೊಲದಿಂದ ಬಂದ ತಾಯಿ ಮತ್ತೆ ನೀರಿನ ಕೊಡಕ್ಕೆ ಬಾಗದಂತೆ ಮಾಡುವುದು ಮನೆಯ ಉಳಿದವರ ಕೈಯಲ್ಲಿದೆ. ಮಗಳು ಮಾತ್ರವಲ್ಲ, ಮಗನೂ ಕೊಡ ಎತ್ತಲಿ!

ಇನ್ನು ಪೋಷಕರಲ್ಲಿ ಒಂದು ಬಿನ್ನಹ. ಹತ್ತನೆಯ ತರಗತಿ ಬಂತೆಂದರೆ ಆಟ ಬಿಡಿಸುವುದು ರೂಢಿಯಾಗಿದೆ. ಆಟದ ಅವಧಿಯಲ್ಲೂ ಪಾಠ ಮಾಡಿರೆಂದು ನಮ್ಮನ್ನೇ ಕೇಳುವವರಿದ್ದಾರೆ. ನಾವು ಒಪ್ಪಲಾರೆವು. ಬೆಳೆಯುವ ವಯಸ್ಸಿನ ಓಟ, ಕಬಡ್ಡಿ, ಖೊಖೊ ಕೀಲುಗಳಿಗೆ ಕಟ್ಟಿಟ್ಟ ಬುತ್ತಿ. ನಡೆಯುವಾಗ ಮಂಡಿಯ ಮೇಲೆ ದೇಹದ ತೂಕದ ಎರಡೂವರೆ ಪಟ್ಟು ಹೊರೆ ಬೀಳುತ್ತದೆ. ಮೆಟ್ಟಿಲಿಳಿಯುವಾಗ ಮೂರು ಪಟ್ಟಿಗೂ ಹೆಚ್ಚು. ಆ ಹೊರೆಯನ್ನು ಹಂಚಿಕೊಳ್ಳುವುದು ತೊಡೆಯ ಸ್ನಾಯುಗಳು. ಅವು ಗಟ್ಟಿಯಾಗುವುದು ಮೈದಾನದಲ್ಲೇ ಹೊರತು ಬೆಂಚಿನ ಮೇಲಲ್ಲ. ಅತಿ ತೂಕವಿರುವ ಹಿರಿಯರು ಒಂದು ಕಿಲೋ ಇಳಿಸಿಕೊಂಡರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆಂಬುದನ್ನೂ ನೆನಪಿಡಬೇಕು.

ಹಾಗೆಂದು ಬೇಡದ ಹೊರೆಯನ್ನು ನಾವು ಹೊಗಳುತ್ತಿಲ್ಲ. ಪುಸ್ತಕದ ಚೀಲ ಮಗುವಿನ ತೂಕದ ನೂರಕ್ಕೆ 10 ಭಾಗ ಮೀರಬಾರದೆಂದು ಕೇಂದ್ರ ಸರ್ಕಾರದ 2020ರ ನೀತಿ ಹೇಳುತ್ತದೆ. ನಲವತ್ತು ಕಿಲೋ ತೂಕದ ವಿದ್ಯಾರ್ಥಿಗೆ ನಾಲ್ಕು ಕಿಲೋ ಸಾಕು. ಎಲ್ಲ ನೋವಿಗೂ ಹೊರೆಯೇ ಕಾರಣವೂ ಅಲ್ಲ. ನಮ್ಮ ಅನಂತಪುರ ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಕೂಡ ಕೀಲುಗಳನ್ನು ಬಿಗಿಯಾಗಿಸಬಲ್ಲದು. ಕೀಲು ಊದಿಕೊಂಡರೆ, ನೋವು ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕು.

ವಿದ್ಯಾರ್ಥಿ ಮಿತ್ರರೇ, ನಾಳೆ ಆಟದ ಗಂಟೆ ಬಾರಿಸಿದಾಗ ತರಗತಿಯಲ್ಲಿ ಉಳಿಯಬೇಡಿರಿ. ಸಂಜೆ ಮನೆಗೆ ಹೋದಮೇಲೆ ಅಮ್ಮನಿಗೊಂದು ಮಣೆ ಹಾಕಿ ಕೂರಿಸಿ, ಕೊಡವನ್ನು ನೀವು ತೆಗೆದುಕೊಳ್ಳಿರಿ.