ಹೇಗ್ ನ್ಯಾಯಪೀಠದ ಹೊಸ್ತಿಲು

ಗಡಿನಾಡಿನ ಪ್ರಸ್ತಾಪ ಬಂದಾಗಲೆಲ್ಲ ಬಸವನಗುಡಿಯ ಸಭೆಗಳಲ್ಲಿಯೂ ಚಾಮರಾಜಪೇಟೆಯ ಜಗಲಿಗಳಲ್ಲಿಯೂ ಒಂದು ಮಾತು ನಮ್ಮ ಕಿವಿಗೆ ಬೀಳುತ್ತದೆ: “ಇಲ್ಲಿ ನ್ಯಾಯ ದೊರೆಯದಿದ್ದರೆ ಕಾಸರಗೋಡಿನ ಅಹವಾಲನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೇ ಒಯ್ಯೋಣ.” ಈ ಮಾತಿನ ಹಿಂದಿರುವ ಸಂಕಟವು ನಿಜವಾದುದು, ಅದು ತೋರುವ ದಾರಿ ಮಾತ್ರ ಸರಿಯಾದುದಲ್ಲ. ಏಕೆಂಬುದನ್ನು ವಾಚಕರ ಮುಂದಿಡುವುದು ವಕೀಲಿ ವೃತ್ತಿಯಲ್ಲಿರುವ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು 1952ರಿಂದ 1953ರಲ್ಲಿ ಕಾಲವಾಗುವವರೆಗೆ ಅಲಂಕರಿಸಿದ್ದ ಪೀಠವದು. ಅದರ ಶಾಸನದ 34ನೆಯ ವಿಧಿಯ ಪ್ರಕಾರ ರಾಷ್ಟ್ರಗಳು ಮಾತ್ರವೇ ಅಲ್ಲಿ ವಾದಿ ಪ್ರತಿವಾದಿಗಳಾಗತಕ್ಕವು. ವ್ಯಕ್ತಿಗಳಿಗಾಗಲಿ, ಸಂಘಗಳಿಗಾಗಲಿ, ಒಕ್ಕೂಟದೊಳಗಿನ ಪ್ರಾಂತಗಳಿಗಾಗಲಿ ಅಲ್ಲಿ ದಾವೆ ಹೂಡುವ ಹಕ್ಕಿಲ್ಲ. ಅಷ್ಟೇ ಅಲ್ಲ, ರಾಷ್ಟ್ರಗಳಿಗೂ ಎದುರುಪಕ್ಷದ ಸಮ್ಮತಿಯಿಲ್ಲದೆ ವಿಚಾರಣೆ ದೊರೆಯದು. ಸಮ್ಮತಿ ಮುಂದೆ ಬಂದೀತೆಂಬ ಆಸೆಯಿಂದ ಸಲ್ಲಿಸಿದ ಅರ್ಜಿಯನ್ನು ಎದುರುಪಕ್ಷಕ್ಕೆ ಕಳುಹಿಸುವರು. ಒಪ್ಪಿಗೆ ಬರುವವರೆಗೆ ಅದನ್ನು ಮೊಕದ್ದಮೆಗಳ ಪಟ್ಟಿಗೆ ಸೇರಿಸುವುದಿಲ್ಲ. 1978ರ ನಿಯಮಾವಳಿಯ ಕಟ್ಟಳೆಯಿದು.

ಪಟ್ಟಿಗೆ ಸೇರಿದ ದಾವೆಯೂ ಹೊಸ್ತಿಲಲ್ಲಿಯೇ ಬೀಳಬಹುದು. 1999ರ ಏಪ್ರಿಲ್ 29ರಂದು ಯುಗೋಸ್ಲಾವಿಯವು ತನ್ನ ಮೇಲೆ ಬಾಂಬು ಸುರಿಸುತ್ತಿದ್ದ ಹತ್ತು ರಾಷ್ಟ್ರಗಳ ಮೇಲೆ ದಾವೆ ಹೂಡಿತು. ಜೂನ್ 2ರಂದು, ಅಂದರೆ ಐದೇ ವಾರಗಳೊಳಗೆ, ಅಮೆರಿಕ ಮತ್ತು ಸ್ಪೇನ್‌ಗಳ ಮೇಲಿನ ದಾವೆಗಳಲ್ಲಿ ತನಗೆ ಅಧಿಕಾರವಿಲ್ಲವೆಂಬುದು ಸುಸ್ಪಷ್ಟವೆಂದು ಹೇಳಿ ನ್ಯಾಯಾಲಯವು ಅವೆರಡನ್ನು ಪಟ್ಟಿಯಿಂದ ತೆಗೆದುಹಾಕಿತು. ನಮ್ಮ ದೇಶದ ಅನುಭವವೂ ಉಂಟು. 1999ರ ಆಗಸ್ಟ್ 10ರಂದು ಉರುಳಿಸಲ್ಪಟ್ಟ ವಿಮಾನದ ಬಗೆಗೆ ಪಾಕಿಸ್ತಾನವು ಭಾರತದ ಮೇಲೆ ತಂದ ದಾವೆಯನ್ನು, 2000ದ ಜೂನ್ 21ರಂದು, 2 ಮತಗಳಿಗೆ ಎದುರಾಗಿ 14 ಮತಗಳಿಂದ, ಅಧಿಕಾರವಿಲ್ಲವೆಂಬ ಕಾರಣದಿಂದಲೇ ಕೈಬಿಡಲಾಯಿತು.

ಆದರೆ ಇಲ್ಲೊಂದು ಸೂಕ್ಷ್ಮವನ್ನು ವಾಚಕರು ಲಕ್ಷಿಸಬೇಕು. ನ್ಯಾಯಾಲಯದ ಅಧಿಕಾರವನ್ನು ಒಪ್ಪಲಿ, ಬಿಡಲಿ, ರಾಷ್ಟ್ರಗಳು ತಮ್ಮ ಕೃತ್ಯಗಳಿಗೆ ಹೊಣೆಯಾಗಿಯೇ ಉಳಿಯುವುವೆಂದು ಆ ಪೀಠವು 1999ರ ಆಜ್ಞೆಗಳಲ್ಲಿಯೇ ಸ್ಪಷ್ಟಪಡಿಸಿತು. ಕೇಳುವ ಅಧಿಕಾರ ನಮಗಿಲ್ಲವೆಂಬುದು ಬೇರೆ; ನಿನ್ನ ಅಹವಾಲು ಸುಳ್ಳೆಂಬುದು ಬೇರೆ. ಮೊದಲನೆಯದನ್ನು ಎರಡನೆಯದೆಂದು ತಿಳಿದು ಎದೆಗುಂದುವುದು ಅವಿವೇಕ. ಅದನ್ನು ತನ್ನ ಗೆಲವೆಂದು ಎದುರುಪಕ್ಷವು ಮೆರೆಯುವುದೂ ಅಷ್ಟೇ ಅವಿವೇಕ.

ಈ ತತ್ತ್ವವು ನಮ್ಮನ್ನೂ ಕಟ್ಟಿಹಾಕುತ್ತದೆ. ಬೆಳಗಾವಿಗಾಗಿ ಮಹಾರಾಷ್ಟ್ರವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದಾಗ, ಗಡಿಯನ್ನು ತಿದ್ದುವ ಅಧಿಕಾರ ಸಂವಿಧಾನದ 3ನೆಯ ವಿಧಿಯಂತೆ ಪಾರ್ಲಿಮೆಂಟಿನದೇ ಹೊರತು ನ್ಯಾಯಾಲಯದ್ದಲ್ಲವೆಂಬ ನಿಲುವನ್ನು ಕರ್ನಾಟಕವು ತಳೆಯಿತು. ಈ ತಕರಾರು ಸರಿಯಾದುದೆಂದೇ ನಮ್ಮ ಮತ. ಬೆಳಗಾವಿಗೆ ಒಂದು ನ್ಯಾಯ, ಕಾಸರಗೋಡಿಗೆ ಇನ್ನೊಂದು ನ್ಯಾಯವೆಂದರೆ ನಮ್ಮ ಮಾತಿಗೆ ಬೆಲೆಯೆಲ್ಲಿ ಉಳಿದೀತು?

1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗವು ನಮಗೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ವರದಿಯಿತ್ತರೂ ಅದು ಜಾರಿಗೆ ಬರಲಿಲ್ಲ. ಆ ವರದಿಗೆ ಕೈಕಾಲು ಬರಿಸಬಲ್ಲ ಬಾಗಿಲು ಹೇಗ್‌ನಲ್ಲಿಲ್ಲ, ದಿಲ್ಲಿಯಲ್ಲಿದೆ. ಕರ್ನಾಟಕದಿಂದ 28 ಮಂದಿ ಲೋಕಸಭೆಗೆ ಹೋಗುತ್ತಾರೆ. ಮತ ಕೇಳಲು ನಮ್ಮ ಮನೆಯ ಹೊಸ್ತಿಲಿಗೆ ಬರುವ ಆ ಮಹನೀಯರನ್ನು, ಚಂದ್ರಗಿರಿಯ ಮಾತನ್ನು ಸಭೆಯಲ್ಲಿ ಎಷ್ಟು ಸಲ ಎತ್ತಿದಿರೆಂದು ಮೊದಲು ಕೇಳೋಣ. ಆ ವಿಚಾರಣೆ ನಡೆಸುವ ಅಧಿಕಾರವಾದರೂ ನಮಗೆ ಸಂಪೂರ್ಣವಾಗಿ ಉಂಟು.