ಮಳೆಗೆ ಹೊರಿಸಿದ ಅಪವಾದ

ಹಿರೇಕೆರೂರು ಕಡೆಯ ಒಂದು ಊರು. ಹೆಸರು ಬೇಡ. ಗುಡಿಯ ಕಟ್ಟೆಗೆ ಒರಗಿಸಿಟ್ಟ ಶಾಸನದ ಕಲ್ಲಿಗೆ ಆಗಷ್ಟೇ ಬೆಳ್ಳಿ ಬಣ್ಣದ ಆಯಿಲ್ ಪೇಂಟ್ ಬಳಿದಿದ್ದರು. ಹೋದ ವರ್ಷ ನಾನು ಬೆರಳಾಡಿಸಿ ಓದಿದ್ದ ಸಾಲುಗಳೊಳಗೆ ಬಣ್ಣ ತುಂಬಿ ಅಕ್ಷರಗಳು ಮುಚ್ಚಿಹೋಗಿದ್ದವು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರನ್ನು ಕೇಳಿದೆ: "ಬಣ್ಣ ಯಾಕ ಹೊಡಿಸಿದ್ರಿ ಅಜ್ಜಾರ?"

"ಮಳಿಗೆ ಸವದು ಹೊಂಟಿತ್ತೋ ತಮ್ಮಾ. ಬಣ್ಣ ಹಚ್ಚಿದ್ರ ಗಟ್ಟಿ ಉಳಿತೈತಿ," ಅಂದರು.

ಆ ಮಾತಿನಲ್ಲಿ ಕಲ್ಲಿನ ಮೇಲಿನ ಪ್ರೀತಿ ಇತ್ತು. ಹಾಗಾಗಿ ನನ್ನ ಜಗಳ ಅವರ ಜೊತೆಗಲ್ಲ. ಇದೇ ಮಾತನ್ನು ಚೂರು ಸಂಸ್ಕೃತ ಬೆರೆಸಿ 'ಕಾಲನ ಹೊಡೆತಕ್ಕೆ ಸಿಕ್ಕು ನಶಿಸಿದ ಶಾಸನ' ಎಂದು ಬರೆಯುವ ನಮ್ಮಂಥ ಓದಿದವರ ಜೊತೆ. ಕಾಲನ ಮೇಲೆ ಹಾಕಿಬಿಟ್ಟರೆ ಯಾರನ್ನೂ ಕೇಳುವ ಹಾಗಿಲ್ಲ ನೋಡಿ!

ಕಲ್ಲು ಸವೆಯುವುದು ನಿಜ. ಆದರೆ ಎಲ್ಲ ಕಲ್ಲೂ ಒಂದೇ ಥರ, ಒಂದೇ ವೇಗದಲ್ಲಿ ಸವೆಯುವುದಿಲ್ಲ. ಕಲ್ಲಿನಲ್ಲಿ ಯಾವ ಖನಿಜ ಇದೆ, ಬಿರುಕು ಎಷ್ಟಿದೆ, ನೀರು ಎಷ್ಟು ಹೊತ್ತು ನಿಲ್ಲುತ್ತದೆ, ಉಪ್ಪು ಎಲ್ಲಿಂದ ಬರುತ್ತದೆ, ಬಿಸಿಲು ಹೇಗೆ ಬೀಳುತ್ತದೆ ಎಂಬುದೆಲ್ಲ ಸೇರಿ ಅದರ ಆಯುಷ್ಯ ಬರೆಯುತ್ತವೆ. ನಮ್ಮ ಕಡೆ ಹಾನಗಲ್ಲು ಅರೆಮಲೆನಾಡು, ಮಳೆ ಜಾಸ್ತಿ, ಮಣ್ಣು ಕೆಂಪು. ಸವಣೂರಿನ ಕಡೆಗೆ ಬಂದರೆ ಮಳೆ ಕಡಿಮೆ, ಎರೆಭೂಮಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ತಳಪಾಯವನ್ನೇ ಅಲುಗಿಸುತ್ತದೆ. ಆ ಮಣ್ಣೂ ಕಲ್ಲು ಕರಗಿಯೇ ಆದದ್ದು. ಕಲ್ಲು ಶಿಥಿಲವಾಗದಿದ್ದರೆ ನಮಗೆ ಜೋಳದ ರೊಟ್ಟಿಯೂ ಇಲ್ಲ. ಆದ್ದರಿಂದ ಶಿಥಿಲೀಕರಣವನ್ನು ಶತ್ರು ಎನ್ನಲಾರೆ.

ಈಗ ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋಗಿ. ಮಂಟಪದ ನೆತ್ತಿಯಲ್ಲಿ ಕಮಲ ತೂಗುವ ಛತ್ತಿನ ಕೆಳಗೆ ನಿಂತರೆ, ತಿರುಗಣಿಗೆ ಕೊಟ್ಟು ಕಡೆದ ಕಂಬಗಳು ಇವತ್ತಿಗೂ ಮಿರುಗುತ್ತವೆ. ಹೊರಗೆ ಬಂದು ಗಾಳಿಮಳೆಗೆ ಒಡ್ಡಿದ ಗೋಡೆ ನೋಡಿ, ಅಂಚುಗಳು ಮೊಂಡಾಗಿವೆ. ವಯಸ್ಸು ಒಂದೇ, ಊರು ಒಂದೇ. ಸವೆಸುವುದು ಬರೀ ಕಾಲವಾಗಿದ್ದರೆ ಒಳಗಿನ ಕಂಬವೂ ಮೊಂಡಾಗಬೇಕಿತ್ತು. ವ್ಯತ್ಯಾಸ ಮಾಡಿದ್ದು ಅವು ಇರುವ ಸ್ಥಿತಿ. ಆ ಸ್ಥಿತಿ ಬಹುಪಾಲು ನಮ್ಮ ಕೈಯಲ್ಲಿದೆ.

ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಈ ಭಾಗದಲ್ಲಿ ಹೆಚ್ಚಾಗಿ ಆರಿಸಿಕೊಂಡದ್ದು ಬಳಪದ ಕಲ್ಲಿನ ಜಾತಿಯ ಹಸಿರುಗಪ್ಪು ಕಲ್ಲನ್ನು. ಮೋಸ್ ಗಡಸುತನದ ಅಳತೆಯಲ್ಲಿ ಅದರ ಮುಖ್ಯ ಖನಿಜ ಕ್ಲೋರೈಟ್ 2ರಿಂದ 2.5. ನಮ್ಮ ಉಗುರೂ ಹತ್ತಿರ ಹತ್ತಿರ ಅಷ್ಟೇ. ಮರಳಿನ ಕಣ 7. ಅಂಥ ಕಲ್ಲನ್ನು 'ಸ್ವಚ್ಛಗೊಳಿಸಲು' ಯಂತ್ರದಿಂದ ಮರಳು ಚಿಮ್ಮಿಸಿದರೆ ಏನಾದೀತು? ಎಂಟುನೂರು ವರ್ಷದ ಮಳೆ ಮಾಡದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಹೊಲದ ಬದುವಿನ ವೀರಗಲ್ಲಿನ ಅಂಚಿನಲ್ಲಿ ಕುಡಗೋಲು ಮಸೆದ ಗೀರುಗಳನ್ನು ನಾನು ನೋಡಿದ್ದೇನೆ. ಅದನ್ನೂ ಮಳೆಯ ಲೆಕ್ಕಕ್ಕೇ ಬರೆಯೋಣವೇ?

ಪೇಂಟಿನ ಕಥೆ ಇನ್ನೂ ನವಿರು. ನೆಲದಿಂದ ತೇವ ಮೇಲೇರುವುದನ್ನು ಬಣ್ಣ ತಡೆಯದು. ಏರಿದ ತೇವ ಹೊರಗೆ ಆರುವುದನ್ನು ಮಾತ್ರ ತಡೆಯುತ್ತದೆ. ಈ ಕಲ್ಲು ಪದರುಪದರಾಗಿರುವುದು. ನೀರು ಪದರಿನ ಸಂದಿಯಲ್ಲೇ ಕೂತು, ಕೊನೆಗೆ ಬಣ್ಣ ಚಕ್ಕೆ ಏಳುವಾಗ ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬರುತ್ತದೆ. ಸಿಮೆಂಟಿನದು ಬೇರೆ ಉಪದ್ರವ. ಅದರಲ್ಲಿ ನೀರಿಗೆ ಕರಗುವ ಲವಣಗಳಿವೆ. ತೇವದೊಂದಿಗೆ ಅವು ಕಲ್ಲಿನ ಸಂದಿಗೆ ಇಳಿದು, ಆರಿದಾಗ ಹರಳುಗಟ್ಟಿ, ಒಳಗಿನಿಂದ ತಳ್ಳುತ್ತವೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ನಿಲ್ಲಿಸಿದ ಗೋಡೆಗೆ ಸಿಮೆಂಟು ಮೆತ್ತುವುದನ್ನು ನಾವು 'ಜೀರ್ಣೋದ್ಧಾರ' ಎನ್ನುತ್ತೇವೆ.

"ಗುಡಿ ಅಂದ ಮೇಲೆ ಜನ ಪೂಜೆ ಮಾಡ್ತಾರೆ, ಅದನ್ನು ಮ್ಯೂಸಿಯಂ ಮಾಡೋಕಾಗುತ್ತಾ?" ಎಂದು ಕೇಳುವವರಿದ್ದಾರೆ. ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ದೀಪ ಹಚ್ಚಲಿ, ಜಾತ್ರೆ ನಡೆಯಲಿ. ಜನ ಬಿಟ್ಟುಹೋದ ಗುಡಿಯ ಗೋಡೆಯಲ್ಲಿ ಅರಳಿ ಬೇರಿಳಿಸುತ್ತದೆ. ಜನರಿರುವ ಗುಡಿಗೆ ಅರಳಿಯ ಸಸಿ ಕೀಳುವ ಕೈಯಾದರೂ ಇರುತ್ತದೆ. ನನ್ನ ತಕರಾರು ಪೂಜೆಯ ಬಗ್ಗೆ ಅಲ್ಲ, ಪೇಂಟಿನ ಡಬ್ಬಿಯ ಬಗ್ಗೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಭೂಗೋಳದ ಪಾಠ ಅನ್ನಿಸಬಹುದು. ಹಿರೇಕೆರೂರು ಕಡೆಯ ಅಬಲೂರನ್ನು ನೆನೆಯಿರಿ. ಏಕಾಂತದ ರಾಮಯ್ಯನ ಕಥೆ ನಮಗೆ ಹರಿಹರನಿಂದ ಮಾತ್ರ ಬಂದದ್ದಲ್ಲ. ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಶಾಸನವೊಂದು ಅದನ್ನು ಹೇಳುತ್ತದೆ. ಅಲ್ಲಿನ ಶಿಲ್ಪಗಳ ಜೊತೆ ಕನ್ನಡದ ಬರಹಗಳೂ ಇವೆ. 19ನೇ ಶತಮಾನದ ಕೊನೆಯಲ್ಲಿ ಫ್ಲೀಟ್ ಅವನ್ನು ಓದಿ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದ. ಓದಲು ಅಕ್ಷರ ಉಳಿದಿತ್ತು, ಓದಿದ. ಓಲೆಗರಿಯಾದರೆ ಪ್ರತಿ ಮಾಡಿಕೊಳ್ಳುತ್ತಿದ್ದರು. ಶಾಸನಕ್ಕೆ ಎರಡನೆಯ ಪ್ರತಿ ಅಪರೂಪ. ಇರುವ ಒಂದರ ಮೇಲೆ ಬಣ್ಣ ಬಳಿದು ಪಿಎಚ್‌ಡಿಯಲ್ಲಿ 'ಇಲ್ಲಿಂದ ಮುಂದೆ ತ್ರುಟಿತ' ಎಂದು ಬರೆದರೆ, ಆ ತ್ರುಟಿ ಯಾರದು?

ನಿಮ್ಮೂರಲ್ಲೂ ಒಂದು ಕಲ್ಲು ಇದ್ದೇ ಇರುತ್ತದೆ. ಸಂಜೆ ಟಾರ್ಚ್ ಹಿಡಿದು ಹೋಗಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಹಗಲು ಕಾಣದ ಅಕ್ಷರ ನೆರಳಾಗಿ ಏಳುತ್ತದೆ. ಫೋಟೋ ತೆಗೆಯಿರಿ. ಉಜ್ಜಬೇಡಿ, ಸೀಮೆಸುಣ್ಣ ತುಂಬಬೇಡಿ.

ಅಜ್ಜಾರಿಗೆ ಇಷ್ಟೆಲ್ಲ ಹೇಳಿದೆ. ಕೇಳಿಸಿಕೊಂಡು, "ಹಂಗಾದ್ರ ಮಳಿಗೆ ಏನ್ ಮಾಡೂದೋ?" ಅಂದರು.

"ಮ್ಯಾಲ ಒಂದು ತಗಡು ಹಾಕಸ್ರಿ. ಬುಡದಾಗ ನೀರು ನಿಂದ್ರದಂಗ ಸಣ್ಣ ಗಟಾರ ತಗಸ್ರಿ. ಸಾಕು."

"ಗಟಾರಕ್ಕ ರೊಕ್ಕ ಯಾಕ? ಹುಡುಗ್ರು ಒಂದಿನದಾಗ ತಗೀತಾರ ಬಿಡು," ಅಂದರು ಅಜ್ಜಾರು. ಬಣ್ಣಕ್ಕೆ ಮಾತ್ರ ಊರೆಲ್ಲ ಪಟ್ಟಿ ಎತ್ತಿದ್ದರಂತೆ.