ಗೌಂಡಿಗೆ ಮುಟ್ಟದ ವಿದ್ಯೆ

ಕೊಯ್ನಾ ಎಂದೊಡನೆ ರಾಯಬಾಗ, ಅಥಣಿ, ಕಾಗವಾಡದ ಜನರಿಗೆ ನೆನಪಾಗುವುದು ಕೃಷ್ಣೆಯ ಮಹಾಪೂರ. ಅದೇ ಕೊಯ್ನಾನಗರದಲ್ಲಿ 1967ರ ಡಿಸೆಂಬರ್ 11ರ ನಸುಕಿನಲ್ಲಿ ನೆಲ ನಡುಗಿ ಸುಮಾರು 180 ಜನ ಸತ್ತರು. ನಿಪ್ಪಾಣಿಯಿಂದ ನೇರ ಅಳೆದರೆ ಆ ಊರು 130 ಕಿ.ಮೀ. ಆಸುಪಾಸು.

ಹೊಟ್ಟೆಪಾಡಿನ ಗದ್ದಲದಲ್ಲಿ ನಾವು ಇದನ್ನು ಮರೆತಿರಬಹುದು. ಮರೆಯಬಾರದವರ ಸಂಗತಿ ಏನು? ಭಾರತೀಯ ಭೂಕಂಪ ತಂತ್ರಜ್ಞಾನ ಸಂಘ ರೂರ್ಕಿಯಲ್ಲಿ ಹುಟ್ಟಿದ್ದು 1962ರಲ್ಲಿ. ಭೂಕಂಪ ತಡೆಯುವ ಕಟ್ಟಡಗಳ ಮೊದಲ ಮಾನಕ ಹೊರಬಿದ್ದದ್ದೂ ಅದೇ ವರ್ಷ. ದಖ್ಖಣದ ಕಲ್ಲುನೆಲ ಅಲುಗದು ಎಂಬುದು ಆಗಿನ ಪಂಡಿತರ ನಂಬಿಕೆ. ಕೊಯ್ನಾದ ಪೆಟ್ಟು ಬಿದ್ದ ಮೇಲೆ 1970ರಲ್ಲಿ ನಕ್ಷೆ ತಿದ್ದಿದರು. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ಉರುಳಿತು; ಹತ್ತಿರ ಹತ್ತು ಸಾವಿರ ಜನ ಸತ್ತರು, ಬಹುಮಂದಿ ಮಲಗಿದಲ್ಲೇ. ಆ ಊರು ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು! 2002ರಲ್ಲಿ ಮತ್ತೆ ತಿದ್ದಿದರು. ಹೆಣ ಮೊದಲು, ಬಣ್ಣ ಆಮೇಲೆ.

ಕಿಲ್ಲಾರಿಯಲ್ಲಿ ಕೊಂದದ್ದು ಯಾವುದು? ಮಣ್ಣಿನಲ್ಲಿ ಕಟ್ಟಿದ ದಪ್ಪ ಕಾಡುಗಲ್ಲಿನ ಗೋಡೆ, ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆ. ಅಥಣಿಯ ಹಳೆಯ ಓಣಿಗಳಲ್ಲಿ ಒಮ್ಮೆ ತಿರುಗಿ ಬನ್ನಿ, ಗುರುತು ಹತ್ತೀತು. ಅಂಥ ಗೋಡೆಗೆ ಹೊರಮೈ ಬೇರೆ, ಒಳಮೈ ಬೇರೆ. ನಡುವೆ ತುಂಬಿದ್ದು ಚೂರುಕಲ್ಲು. ನೆಲ ಅಲುಗಿದರೆ ಎರಡೂ ಮೈ ಬಿಟ್ಟುಕೊಂಡು ಮಾಳಿಗೆ ಕೆಳಗಿಳಿಯುತ್ತದೆ. ಮದ್ದು ದೊಡ್ಡದಲ್ಲ. ಎರಡಡಿ ಎತ್ತರಕ್ಕೊಮ್ಮೆ ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದಗಲ್ಲು. ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಸರಳು ಹಾಕಿದ ಒಂದು ಕಾಂಕ್ರೀಟ್ ಪಟ್ಟಿ. 1993ರ ಮಾನಕದಲ್ಲೇ ಇದು ಅಚ್ಚಾಗಿದೆ, ಇಂಗ್ಲಿಷಿನಲ್ಲಿ! ಉಗಾರದ ಗೌಂಡಿ ಅದನ್ನು ಓದಿ ಕಲ್ಲು ಇಡಬೇಕಂತೆ.

ಕಾಂಕ್ರೀಟಿನ ಮಾಲಕರೂ ನಗಬೇಕಾಗಿಲ್ಲ. 2001ರ ಜನವರಿ 26ರಂದು ಭುಜ್ ಕಡೆ ಭೂಮಿ ನಡುಗಿದರೆ, 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ನೆಲಕಚ್ಚಿದವು. ಬಹಳಷ್ಟಕ್ಕೆ ಕೆಳಗೆ ವಾಹನ ನಿಲ್ಲಿಸಲು ಬರೀ ಕಂಬ, ಮೇಲೆ ಗೋಡೆಗಳ ಭಾರ. ಚಿಕ್ಕೋಡಿ, ನಿಪ್ಪಾಣಿಯ ಪೇಟೆಯಲ್ಲಿ ಸಣ್ಣ ವ್ಯಾಪಾರಿ ಸಾಲ ಮಾಡಿ ಕೆಳಗೆ ಶಟರು, ಮೇಲೆ ಎರಡು ಮಜಲು ಎಬ್ಬಿಸಿದರೆ ಅದೂ ಅದೇ ಜಾತಿಯದು. ಅವನಿಗೆ ಎಚ್ಚರ ಹೇಳಿದವರಾರು? ಅಹಮದಾಬಾದಿನವು ಗೌಂಡಿಯ ಗುಡಿಸಲಲ್ಲ, ಓದಿದವರ ಕೈಕೆಲಸ. ವಾಸ್ತುಶಿಲ್ಪಿಗಳಿಗೆ 1972ರಿಂದ ಕಾಯಿದೆಯುಂಟು. ಎಂಜಿನಿಯರನನ್ನು ಹಿಡಿದು ಕೇಳಲು ಅಂಥ ದೇಶವ್ಯಾಪಿ ಕಾಯಿದೆ ಅಂದು ಇರಲಿಲ್ಲ.

ಪಂಡಿತರು ದುಡಿದೇ ಇಲ್ಲವೆನ್ನಲಾರೆವು. ಭುಜ್ ಆದ ಮೇಲೆ ಕಾನ್ಪುರದ ಐಐಟಿಯಿಂದ ಸಿ. ವಿ. ಆರ್. ಮೂರ್ತಿಯವರು ಚಿತ್ರಗಳೊಡನೆ ಸರಳ ಕಿರುಲೇಖನಗಳನ್ನು ಬರೆದರು. ಒಳ್ಳೆಯ ಕೆಲಸ. ಆದರೆ ಒಬ್ಬರು ಬರೆದರೆ ಸಂಘದ ಹೊಣೆ ತೀರಿತೆ? ಸಮ್ಮೇಳನದಲ್ಲಿ ಎಂಜಿನಿಯರು ಎಂಜಿನಿಯರನಿಗೆ ಹೇಳುತ್ತಾನೆ, ಚಪ್ಪಾಳೆ ಬೀಳುತ್ತದೆ. ಗೋಡೆ ಮಾತ್ರ ಹಳೆಯ ಹಾಗೆಯೇ ಏಳುತ್ತದೆ.

2002ರ ನಕ್ಷೆ ಬೆಳಗಾವಿಯನ್ನು ಮೂರನೆಯ ವಲಯದಲ್ಲಿಟ್ಟಿತು. ಎಂಜಿನಿಯರರ ಸಂಘಗಳು ಪ್ರತಿ ತಾಲೂಕಿನಲ್ಲಿ ಗೌಂಡಿಗಳನ್ನು ಕೂಡಿಸಲಿ, ಅವರ ಆ ದಿನದ ಪಗಾರ ಕೊಟ್ಟು ಕಲ್ಲಿನಲ್ಲೇ ಕಟ್ಟಿ ತೋರಿಸಲಿ. ಪುರಸಭೆಗಳು ಮನೆಯ ಪರವಾನಗಿಯ ಬೆನ್ನಿಗೆ ಈ ನಾಲ್ಕು ಮಾತನ್ನು ಕನ್ನಡ, ಮರಾಠಿ ಎರಡರಲ್ಲೂ ಅಚ್ಚು ಹಾಕಿಸಲಿ.